ಹತ್ತುವ ಮೊದಲೇ ಇಳಿದವಳು

ವಿಮಾನ ಭಾನುವಾರ ಸಂಜೆ ಹೊರಡುತ್ತದೆಂದು ಅಕ್ಕ ತಿಳಿಸಿದ ದಿನವೇ ಟೈಲರ್ ಲೆಕ್ಕ ಮುಗಿಸಿದ್ದ. ಹಳೆಯ ಗ್ಲೋಬಿನ ಮೇಲೆ ಟೇಪು ಹಿಡಿದು ಮಹಾಸಾಗರವನ್ನು ಅಳೆದು, ಹೊಲಿಗೆಗೆ ಬಿಡುವ ಮಾರ್ಜಿನ್ ಎಂದು ಎರಡಿಂಚು ಸೇರಿಸಿ, "ಹದಿನಾಲ್ಕು ಗಂಟೆ ಹಾರಾಟ. ಇಳಿಯೋದು ಸೋಮವಾರ" ಎಂದು ತೀರ್ಪಿತ್ತಿದ್ದ.

ಬರುವವಳು ಅಕ್ಕನ ಮಗಳು. ಅವಳ ಮದುವೆಯ ಗೌನು ಇವನ ಹೊಣೆ. ಇಳಿದೊಡನೆ ತೊಟ್ಟುನೋಡಲು ಸಿಗದಿದ್ದರೆ ಗೌನಿನ ರೇಷ್ಮೆ ಎದುರಂಗಡಿಯ ಟೈಲರನ ಪಾಲೆಂದು ಅಕ್ಕ ಖಡಾಖಂಡಿತವಾಗಿ ಹೇಳಿದ್ದಳು. ಸ್ವಂತ ಸೋದರಸೊಸೆಯ ಗೌನೇ ರಸ್ತೆ ದಾಟಿದರೆ, ಆ ಬೀದಿಯಲ್ಲಿ ತಲೆಯೆತ್ತಿ ತಿರುಗುವುದೆಂತು?

ಭಾನುವಾರ ಮಧ್ಯಾಹ್ನ. ಕತ್ತರಿಸಿದ ತುಂಡುಗಳು ಮೇಜಿನ ತುಂಬ ಹರಡಿದ್ದವು. ಒಂದು ಹೊಲಿಗೆಯೂ ಬಿದ್ದಿರಲಿಲ್ಲ. ಫೋನು ಹೊಡೆದುಕೊಂಡಿತು.

"ಇಳಿದಳು ಕಣೋ! ಕಾರಲ್ಲಿ ನಿನ್ನ ಬೀದಿಗೆ ಬಂದೇ ಬಿಟ್ವಿ. ಅವಳನ್ನ ಅಂಗಡೀಲಿ ಬಿಟ್ಟು, ಪೆಟ್ಟಿಗೆ ಮನೇಲಿಟ್ಟು ಬರ್ತೀನಿ."

"ಅಕ್ಕಾ, ಅವಳು ಹತ್ತೋದೇ ಇವತ್ತು ಸಂಜೆ ಅಲ್ವೇನೇ?"

"ಅದು ಅಲ್ಲಿನ ಭಾನುವಾರ. ಸಮುದ್ರದ ಮಧ್ಯೆ ತಾರೀಕು ಬದಲಾಗೋ ಗೆರೆ ಇದೆ, ಪೂರ್ವಕ್ಕೆ ನಮ್ಮ ಕಡೆ ದಾಟಿದ್ರೆ ಒಂದು ದಿನ ಹಿಂದಕ್ಕೆ. ಗೌನು ರೆಡಿ ತಾನೇ?"

"ರೆಡಿ ಅಂದ್ರೆ... ರೆಡೀನೇ."

ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಎರಡಿಂಚು ಮಾರ್ಜಿನ್ ಬಿಟ್ಟಿದ್ರಲ್ಲ, ಅದರಲ್ಲಿ ಅಡಗಿಕೊಳ್ಳಿ."

ಅಷ್ಟರಲ್ಲಿ ಸೋದರಸೊಸೆ ನಿದ್ದೆಗಣ್ಣಲ್ಲಿ ತೂರಾಡುತ್ತ ಒಳಬಂದಳು. "ಮಾವಾ, ಗೌನೆಲ್ಲಿ?"

"ಮೈಮೇಲೇ ಕೂರಿಸಿ ಹೊಲಿಯೋದು ಕಣಮ್ಮಾ, ದೊಡ್ಡ ಕೆಲಸ ಎಲ್ಲ ಹೀಗೇ" ಎನ್ನುತ್ತ ಟೈಲರ್ ತುಂಡುಗಳನ್ನು ಅವಳ ಸುತ್ತ ಪಿನ್ನಿನಿಂದ ಸಿಕ್ಕಿಸತೊಡಗಿದ. ವಿಮಾನದಲ್ಲಿ ಕಣ್ಣು ಮುಚ್ಚದವಳು ಆಕಳಿಸಿದಳು, ಸೋಫಾದ ಮೇಲೆ ಕುಸಿದಳು, ಗೊರಕೆ ಹೊಡೆದಳು. ರೇಷ್ಮೆ ಅವಳಡಿ ಸಿಕ್ಕಿಕೊಂಡಿತು. ಎಬ್ಬಿಸಿದರೆ ಗುಟ್ಟು ರಟ್ಟು; ಬಿಟ್ಟರೆ ಅಕ್ಕ ಬಂದೇ ಬಿಡುತ್ತಾಳೆ.

ಟೈಲರ್ ಸೂಜಿ ಹಿಡಿದು ನೆಲಕ್ಕೆ ಮಂಡಿಯೂರಿದ. ಹೆಂಡತಿ ಗುಂಡಿ ಬದಿಗಿಟ್ಟು ಇನ್ನೊಂದು ಪಕ್ಕದಿಂದ ಹೊಲಿಯತೊಡಗಿದಳು. ತೋಳು ಕೂಡಿತು, ನಡು ಕೂಡಿತು. ಹೊರಗೆ ಕಾರಿನ ಬಾಗಿಲು ಬಡಿದಾಗ ಕೊನೆಯ ಅಂಚು ಉಳಿದಿತ್ತು. ಅಕ್ಕನ ಚಪ್ಪಲಿ ಮೆಟ್ಟಿಲೇರುತ್ತಿದ್ದಂತೆ ಅದನ್ನೂ ಹೊಲಿದು, ಹಲ್ಲಿನಿಂದ ದಾರ ಕಡಿದ.

ಅಕ್ಕ ಕಣ್ಣರಳಿಸಿದಳು. "ಎಷ್ಟು ಚೆನ್ನಾಗಿ ಕೂತಿದೆಯೋ! ಏಳೇ, ನಿಂತು ತೋರಿಸು."

ಸೊಸೆ ಎದ್ದಳು. ಅವಳ ಬೆನ್ನಿಗೆ ಸೋಫಾದ ಹೂಹೂವಿನ ಕವರೂ ಎದ್ದು, ದಿಂಬುಗಳನ್ನು ಉರುಳಿಸುತ್ತ ಬಾಗಿಲವರೆಗೆ ನಡೆದುಬಂತು.

"ಹಿಂದೆ ಇಳಿಬಿಡೋದು ಈಗಿನ ಫ್ಯಾಷನ್ನು" ಎಂದ ಟೈಲರ್, ಕ್ಷೀಣ ಸ್ವರದಲ್ಲಿ.

ಅಕ್ಕ ರಸ್ತೆಯಾಚೆ ನೋಡಿದಳು. ಎದುರಂಗಡಿಯವನು ಆಗಲೇ ಬಾಗಿಲಿಗೆ ಬಂದು ಕತ್ತು ಉದ್ದ ಮಾಡಿ ನಿಂತಿದ್ದ. ಅಕ್ಕ ಪರದೆ ಸರಕ್ಕನೆ ಎಳೆದಳು. ಕುರ್ಚಿಯನ್ನು ಬಾಗಿಲಿಗೆ ಅಡ್ಡವಿಟ್ಟು ಕುಳಿತಳು.

"ನಗಬೇಕಾದ್ರೆ ಮನೆಯವರೇ ನಗ್ತೀವಿ, ಅವನಿಗ್ಯಾಕೆ? ಬಿಚ್ಚೋ ಅದನ್ನ. ಮುಗಿಯೋವರೆಗೂ ನಾನು ಇಲ್ಲೇ, ನೀನೂ ಇಲ್ಲೇ."