ಅವಿರೋಧ ಆಯ್ಕೆ

ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ಆ ಮುಕ್ತ ತಂತ್ರಾಂಶವನ್ನು ಕಟ್ಟಿದ್ದು ಸ್ವಯಂಸೇವಕರು. ಒಬ್ಬೊಬ್ಬರೇ ಬಿಟ್ಟುಹೋಗಿ, ಕೆಲಸವೆಲ್ಲ ಕೊಣ್ಣೂರಿನ ದಾಕ್ಷಾಯಿಣಿಯ ತಲೆಗೇ ಬಂದಿತ್ತು. ತಂಡದ ಮುಖ್ಯಸ್ಥರ ಚುನಾವಣೆಗೆ ತಾನೊಬ್ಬಳೇ ನಿಂತಾಗ ಅವಳಿಗೆ ದಿಗಿಲಾಯಿತು. ಹುಕ್ಕೇರಿಯ ಸಿದ್ರಾಮ ಎದುರು ನಿಂತ ಮೇಲೆಯೇ ಜೀವ ಬಂದದ್ದು. ಯಾರೇ ಗೆಲ್ಲಲಿ, ದುಡಿಯುವವರು ಇಬ್ಬರಾದರಲ್ಲ! ಸಿದ್ರಾಮ ಎದುರು ನಿಂತಿದ್ದಾನೆಂದು ಮನೆಯಲ್ಲೂ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಮತದಾನದ ಬೆಳಿಗ್ಗೆ ನೋಡಿದರೆ ಸಿದ್ರಾಮನ ಹೆಸರೇ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದಳು. ತಾನೇನು ಅಂದುಬಿಟ್ಟೆನೋ ಎಂದು ಹಳೆಯ ಸಂದೇಶಗಳನ್ನೆಲ್ಲ ಕೆದಕಿದಳು.

ಅಷ್ಟರಲ್ಲಿ ಮುರಿಗೆಪ್ಪ ಕಾಕಾ ಕರದಂಟಿನ ಡಬ್ಬಿ ಹಿಡಿದು ಬಂದರು. ಊರಿನ ಹಾಲಿನ ಸೊಸೈಟಿಗೆ ಎಂದೂ ಮತದಾನ ಆಗಗೊಡದೆ, ಕೂತು ಮಾತಾಡಿಯೇ ಬಗೆಹರಿಸುವವರು ಅವರು.

"ಬಾಯಿ ಸಿಹಿ ಮಾಡ್ಕೊ, ದಾಕ್ಷಿ. ಹುಕ್ಕೇರಿಗೆ ಹೋಗಿ, ಆ ಹುಡುಗನ ಅಪ್ಪಗ ಕೈಮುಗದು ಹೆಸರ ಹಿಂದಕ್ಕ ತಗಸೇನಿ. ಅವಿರೋಧ ಆಯ್ಕಿ ಆದಿ ನೋಡ!"

ಅವಳು ಫೋನ್ ಕೆಳಗಿಟ್ಟಳು. "ಕಾಕಾ, ಅವ ಕೆಲಸಕ್ಕರೆ ಬರ್ತಾನೋ ಇಲ್ಲೋರಿ?"

"ಚಿಂತಿ ಬಿಡ," ಎಂದರು ಕಾಕಾ, ಡಬ್ಬಿ ಬಿಚ್ಚುತ್ತ. "ಇನ್ನ ಮ್ಯಾಲ ನಿಮ್ಮ ಕೆಲಸದ ಕಡೆ ಹಾಯೂದಿಲ್ಲಂತ ಆಣಿ ಮಾಡಿಸ್ಕೊಂಡ ಬಂದೇನಿ."