ಹೆಣ್ಣಿನ ಕಡೆಯವರು

ನರ್ಸಾಗಿ ದುಡಿದು ನಿವೃತ್ತಳಾಗಿದ್ದ ಆಕೆಯನ್ನು ಚರ್ಚಿನವರೆಲ್ಲ ಬೆನ್ನ ಹಿಂದೆ ‘ಬಿರುಗಾಳಿ’ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ತಮ್ಮನ ಮಗಳ ಮದುವೆಯ ಹಿಂದಿನ ದಿನ ಬೆಳಿಗ್ಗೆ ಆಕೆ ಚರ್ಚಿನ ಸಭಾಂಗಣದಲ್ಲಿ ಊಟದ ಮೇಜುಗಳಿಗೆ ಬಿಳಿ ಬಟ್ಟೆ ಹಾಸುತ್ತಿದ್ದಳು. ಆಗಲೇ ಎದುರುಗಡೆ ಕೂಲಿಕಾರರ ತಗಡಿನ ಶೆಡ್ಡುಗಳಿಗೆ ಬೆಂಕಿ ಬಿತ್ತು. ಪುಣ್ಯಕ್ಕೆ ಜೀವಗಳೆಲ್ಲ ಉಳಿದವು, ಉಳಿದದ್ದೂ ಅಷ್ಟೇ. ಎಲ್ಲಿಂದಲೋ ಕಟ್ಟಡದ ಕೆಲಸಕ್ಕೆ ಬಂದಿದ್ದ ಸಂಸಾರಗಳು ಮಸಿ ಮೆತ್ತಿದ ಮುಖದಲ್ಲಿ ರಸ್ತೆಯಂಚಿಗೆ ನಿಂತವು. ಬಿರುಗಾಳಿ ಹಿಂದೆಮುಂದೆ ನೋಡಲಿಲ್ಲ. ಎಲ್ಲರನ್ನೂ ಒಳಗೆ ಕರೆದಳು, ಮೇಜಿನ ಬಟ್ಟೆಗಳನ್ನೇ ಎಳೆದು ಮಕ್ಕಳಿಗೆ ಹೊದಿಸಿದಳು, ಸುಟ್ಟ ಕೈಗಳಿಗೆ ತಣ್ಣೀರು ಸುರಿದಳು.

ತಮ್ಮ ಓಡಿಬಂದ. “ಅಕ್ಕ, ನಾಳೆ ಮದುವೆ. ತಲೆಗಿಲೆ ಕೆಟ್ಟಿದೆಯಾ ನಿಂಗೆ? ಬೀಗರಿಗೆ ಏನು ಹೇಳ್ಲಿ?”

“ನೆಂಟರು ಒಂದಿನ ಮುಂಚೆ ಬಂದ್ರು ಅನ್ನು.”

“ತಮಾಷೆ ಬೇಡ. ಹುಡುಗನ ಅಜ್ಜಿ ಎಂಥೋರು ಅಂತ ಗೊತ್ತಲ್ಲ. ಎದ್ದು ಹೋದ್ರೆ?”

“ಯೇಸುಸ್ವಾಮಿ ಬಾಗಿಲಿಗೆ ಬಂದ್ರೂ ಕರೆಯೋಲೆ ತೋರ್ಸು ಅಂತೀಯೇನೋ?” ಆಕೆ ತಲೆಯೆತ್ತದೆ ಒಬ್ಬ ಹೆಂಗಸಿನ ಕೈಗೆ ಬ್ಯಾಂಡೇಜು ಸುತ್ತುತ್ತಲೇ ಇದ್ದಳು. ಒಳಗೊಳಗೇ ಮಾತ್ರ ಒಂದು ಅಳುಕು: ಎತ್ತಿ ಆಡಿಸಿದ ಸೋದರಸೊಸೆಯ ಮದುವೆ ತನ್ನಿಂದಲೇ ಕೆಟ್ಟರೆ?

ಅಷ್ಟರಲ್ಲಿ ಮದುಮಗಳೇ ಬಂದಳು. ಅತ್ತೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ನೆಲದ ಮೇಲೆ ಮುದುಡಿದ್ದ ಮಕ್ಕಳನ್ನು ನೋಡಿದಳು. “ಅಪ್ಪ, ಅಡುಗೆಯವರಿಗೆ ಹೇಳಿ, ಇನ್ನೊಂದು ಹಂಡೆ ಒಲೆ ಮೇಲೇರಲಿ. ನಾಳೆ ಇವರೂ ಊಟಕ್ಕಿರ್ತಾರೆ.”

ಮರುದಿನ ಚರ್ಚಿನಲ್ಲಿ ಮದುವೆ ಮುಗಿದು ಬೀಗರು ಊಟಕ್ಕೆ ಬಂದಾಗ, ಯಾರ್ಯಾರೋ ಕೊಟ್ಟ ಅಳತೆ ತಪ್ಪಿದ ಬಟ್ಟೆ ತೊಟ್ಟು ಕೂಲಿಕಾರರು ಮೊದಲ ಸಾಲಿನಲ್ಲೇ ಕುಳಿತಿದ್ದರು. ಹುಡುಗನ ಅಜ್ಜಿ ಊರುಗೋಲು ಊರಿ ನಿಂತುಬಿಟ್ಟರು.

“ಇವರೆಲ್ಲ ಯಾರ ಕಡೆಯವರು?”

ಬಿರುಗಾಳಿ ಬಾಯಿ ತೆರೆಯುವ ಮೊದಲೇ ತಮ್ಮ ಮುಂದೆ ಬಂದ. ಹೇಳಿದ: “ನಮ್ಮ ಕಡೆಯವರು, ಅಮ್ಮ. ಹೆಣ್ಣಿನ ಕಡೆಯವರು.”

ಅಜ್ಜಿ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಬ್ಯಾಂಡೇಜಿನ ಹೆಂಗಸಿನ ಪಕ್ಕದ ಕುರ್ಚಿ ಎಳೆದು ಕುಳಿತರು. “ಬೀಗರನ್ನ ಹೀಗೆ ಹಸಿದ ಹೊಟ್ಟೇಲಿ ಕೂರಿಸ್ತಾರೇನ್ರೀ? ಬಡಿಸಿ,” ಎಂದವರು, ತಟ್ಟೆ ಬಂದೊಡನೆ ತಾವೇ ತುತ್ತು ಮಾಡಿ ಆಕೆಯ ಬಾಯಿಗಿಟ್ಟರು. ಹೆಂಗಸು ಅಳುತ್ತಲೇ ಅಗಿದಳು.

ಆಮೇಲೆ ತಡೆಯುವವರಾರು? ಬಿರುಗಾಳಿಯ ತಮ್ಮ ಕೋಟು ಬಿಚ್ಚಿ ಬಡಿಸಲು ನಿಂತ. ಮದುಮಗ ಸಾರಿನ ಪಾತ್ರೆ ಹಿಡಿದು ಅರ್ಧ ತನ್ನ ಮೈಮೇಲೇ ಸುರಿದುಕೊಂಡ. ಕೂಲಿಕಾರರು ತಮ್ಮ ಭಾಷೆಯಲ್ಲಿ ಹಾಡು ತೆಗೆದರು; ಒಂದು ಪದವೂ ತಿಳಿಯದಿದ್ದರೂ ಪಾದ್ರಿಗಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹಾಕಿದರು. ಸಂಜೆಯೊಳಗೆ “ನಮ್ಮನೇಲಿ ಒಂದು ಕೋಣೆ ಇದೆ”, “ನಮ್ಮನೆ ಮಹಡಿ ಖಾಲಿ ಇದೆ” ಎಂದು ಜನ ಪೈಪೋಟಿಗೆ ಬಿದ್ದು ಸಂಸಾರಗಳನ್ನು ಕರೆದೊಯ್ದರು. ಬ್ಯಾಂಡೇಜಿನ ಹೆಂಗಸನ್ನೂ ಅವಳ ಮಕ್ಕಳನ್ನೂ ಅಜ್ಜಿ ಯಾರಿಗೂ ಬಿಟ್ಟುಕೊಡಲಿಲ್ಲ.

ಬಿರುಗಾಳಿ ಆಗಷ್ಟೇ ಕುಳಿತಳು. ಮದುವೆಯೂಟವನ್ನು ಎರಡೆರಡು ಸಲ ಬಡಿಸಿಕೊಂಡು ಉಂಡಳು.