ವಿಮಾನ ಕಟ್ಟಿಹಾಕುವ ಜಾಗ

ಬೆಳಿಗ್ಗೆ ಏಳಕ್ಕೇ ಜೀಪು ಬಂದು ಬಾಗಿಲ ಮುಂದೆ ನಿಂತಾಗ ಚಿಕ್ಕಮಾದಪ್ಪನಿಗೆ ಜಗಲಿಯಿಂದ ಏಳುವ ಮನಸ್ಸೇ ಇರಲಿಲ್ಲ. ಮೂರು ವಾರದಿಂದ ಇದೇ ಪಾಡು. ಕೊಳ್ಳೇಗಾಲದ ರೇಷ್ಮೆ ಸೀರೆ ವ್ಯಾಪಾರಿ ಜಡೇಸ್ವಾಮಿ ತನ್ನ ಎರಡು ಸೀಟಿನ ಪುಟ್ಟ ವಿಮಾನಕ್ಕೆ ಜಾಗ ಹುಡುಕುತ್ತಿದ್ದ. ನೋಡಿದ ಜಾಗ ಆಗುತ್ತದೋ ಇಲ್ಲವೋ ಹೇಳಬೇಕಾದವನು ಚಿಕ್ಕಮಾದಪ್ಪ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು ಕಾಮಗೆರೆಗೆ ವಾಪಸಾದವನಿಗೆ ಈಗ ಅರವತ್ನಾಲ್ಕು ವರ್ಷ.

ವಿಮಾನ ಇದ್ದದ್ದು ಹೊಸೂರಿನಾಚೆ, ಯಾರದೋ ಖಾಸಗಿ ಬಯಲಿನ ಶೆಡ್ಡಿನಲ್ಲಿ. ಅದರ ಆರೈಕೆಗೆಂದು ಆರು ವರ್ಷದಿಂದ ತಿಂಗಳಿಗೆರಡು ಸಲ ಮೂರು ಬಸ್ಸು ಬದಲಾಯಿಸಿ ಹೋಗಿಬರುತ್ತಿದ್ದ. ಹೋದ ದಿನ ಬೆನ್ನುನೋವು, ಬಂದ ದಿನ ಮಂಡಿನೋವು. ಈಗ ಆ ಬಯಲು ಮಾರಾಟವಾಗಿ, ಎರಡು ತಿಂಗಳಲ್ಲಿ ತೆರವು ಮಾಡಿ ಎಂದಿದ್ದರು.

“ಇವತ್ತು ನಿಮ್ಮೂರ್ ಜಾಗಾನೇ,” ಎಂದ ಜಡೇಸ್ವಾಮಿ, ಚಿಕ್ಕಮಾದಪ್ಪ ಹತ್ತಿ ಕೂರುತ್ತಲೇ. “ಪುಟ್ಟಬಸಮ್ಮನ ಒಲ. ಕುಂತೂರ್ ಕಡೆಯಿಂದು ಒಂದದ, ಅದ ಮೊದಲು ನೋಡ್ಕಬರವ.”

ಈವರೆಗೆ ನೋಡಿದ್ದರಲ್ಲಿ ಲೊಕ್ಕನಹಳ್ಳಿಯ ಜಾಗ ಉದ್ದವಾಗಿ, ಒಣಗಿ ಚೆನ್ನಾಗಿತ್ತು. ಆದರೆ ಬದುವಿನಾಚೆಯೇ ಕಾಡು. ಅಲ್ಲಿ ದನ ಕಾಯುತ್ತಿದ್ದ ಕ್ಯಾತಮ್ಮ ಎಂಬ ಹೆಂಗಸು, “ಆನ ಇಳಿಯಾದು ಇಲ್ಲೇ ಕನಪ್ಪಾ, ಏನ್ ನಿಲ್ಸೀರಿ ಇಲ್ಲಿ?” ಎಂದು ಕೇಳಿದ್ದಳು. ರೆಕ್ಕೆಗೆ ಹೊದಿಸಿರುವುದು ಬಟ್ಟೆ. ಆನೆ ಸುಮ್ಮನೆ ಮೈ ಉಜ್ಜಿದರೂ ಮುಗಿಯಿತು. ಯಳಂದೂರಿನದು ಕೆರೆಯ ಕೆಳಗಿನ ಭೂಮಿ. ಕಾಲಿಟ್ಟಲ್ಲಿ ಹಿಮ್ಮಡಿ ಹೂಳುತ್ತಿತ್ತು, ತಲೆಯ ಮೇಲೆ ಕೊಕ್ಕರೆಗಳ ಹಿಂಡು. ಇವತ್ತು ಕುಂತೂರಿನದನ್ನು ನೋಡಲು ಇಳಿಯಲೇ ಬೇಕಾಗಲಿಲ್ಲ. ಬಯಲಿನ ನಡುವೆಯೇ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಮಾಡಿಕೊಂಡು ಒಂದರ ಹಿಂದೊಂದು ಹೋಗುತ್ತಿದ್ದವು. ಚಿಕ್ಕಮಾದಪ್ಪ ಕೈಯಾಡಿಸಿದ. ಜಡೇಸ್ವಾಮಿ ಜೀಪು ತಿರುಗಿಸಿದ.

ಕಾಮಗೆರೆಯ ಹೊಲ ಚಿಕ್ಕಮಾದಪ್ಪನ ಮನೆಯಿಂದ ನಡೆದರೆ ಹತ್ತು ನಿಮಿಷ. ರಾಗಿ ಕುಯ್ದು ಕೂಳೆ ಉಳಿದ ಕೆಂಪು ನೆಲ, ಗಟ್ಟಿಯಾಗಿತ್ತು, ನೀರು ನಿಲ್ಲುವಂಥದ್ದಲ್ಲ. ಹಿಂದಿನ ಸಂಜೆ ಹೆಂಡತಿ ಶಿವರತ್ನಮ್ಮ, “ಇಲ್ಲಿಗೇ ಬಂದ್ಬುಟ್ರ ಸಾಕು. ನೀ ಆ ಬಸ್ಸಲ್ಲಿ ಓಯ್ತಾ ಓಯ್ತಾ ಯಾವತ್ತಾರ ಸತ್ತೇ ಓಯ್ತೀಯ,” ಎಂದಿದ್ದಳು. ಅವನಿಗೂ ಅದೇ ಆಸೆ. ಮನೆಯಲ್ಲಿ ಉಂಡು ಬಂದು, ಕೆಲಸ ಮುಗಿಸಿ, ಮನೆಯಲ್ಲೇ ಮಲಗುವುದು. ಇನ್ನೇನೂ ಬೇಕಿರಲಿಲ್ಲ.

ಪೂರ್ವದ ಬದುವಿನಿಂದ ಹೆಜ್ಜೆ ಎಣಿಸುತ್ತ ನಡೆದ. ಉದ್ದ ಸಾಲುತ್ತಿತ್ತು. ಪಡುವಣ ತುದಿಯಲ್ಲಿ ನಿಂತು ತಲೆ ಎತ್ತಿದ. ಆಚೆಯ ಹೊಲದ ಮೇಲೆ ದೊಡ್ಡ ಕರೆಂಟಿನ ತಂತಿಗಳು ಕಂಬದಿಂದ ಕಂಬಕ್ಕೆ ಹಾದುಹೋಗಿದ್ದವು. ಹುಟ್ಟಿದೂರು, ತಂತಿ ಇರುವುದು ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೇ ಇಷ್ಟು ದಿನ ಅದರ ಕಡೆ ಯೋಚನೆ ಹರಿಸಿರಲಿಲ್ಲ. ತಂತಿಯ ಕೆಳಗಿನಿಂದ ಮತ್ತೆ ಹಿಂದಕ್ಕೆ ಎಣಿಸಿಕೊಂಡು ಬಂದ. ಅಷ್ಟಾಗಲೇ ಬಿಸಿಲೇರಿ ಮಂಡಿ ಹಿಡಿದುಕೊಂಡಿತ್ತು. ಬದುವಿನ ಮೇಲೆ ಕುಳಿತುಬಿಟ್ಟ.

“ಏನ್ ಯೋಳ್ತೀಯ ಮಾದಪ್ಪಣ್ಣ?” ಜಡೇಸ್ವಾಮಿಯೂ ಪಕ್ಕದಲ್ಲಿ ಕುಳಿತ. “ನೀ ಊಂ ಅಂದ್ರ ಇವತ್ತೇ ಮಾತಾಡ್ತೀನಿ. ಪರ್ಮಿಶನ್ನಿಗೆ ನಾ ಓಡಾಡ್ತೀನಿ.”

“ಅಲ್ಲಿ ತಂತಿ ಅದ ಸಾ.”

“ಅದ್ಕೇನು, ಯಾವಾಗ್ಲೂ ಮೂಡ್ಲಾಗೇ ವಿಮಾನ ಎತ್ತುದ್ರಾಯ್ತು.”

“ಆಸಾಡ್ದಲ್ಲಿ ಗಾಳಿ ಪಡುವ್ಲಿಂದ ಬತ್ತದ. ಗಾಳಿಗೆ ಬೆನ್ನಾಕಿ ಎತ್ತಕ್ಕೆ ಈ ಉದ್ದ ಸಾಲಲ್ಲ. ಎದುರಾಗೆತ್ತುದ್ರ ತಂತಿ. ಬಿಸ್ಲೊತ್ತಲ್ಲಿ, ಇಬ್ರು ಕೂತು, ಟ್ಯಾಂಕ್ ತುಂಬಿದ್ರ, ಅಲ್ಲಿಗೋಗಗಂಟ ತೆಂಗಿನ ಮರ್ದಷ್ಟು ಎತ್ತರ ಏರ್ದ್ರ ಎಚ್ಚು. ತಂತಿ ಅದ್ಕೂ ಮ್ಯಾಲದ.”

ಜಡೇಸ್ವಾಮಿ ತಂತಿಯನ್ನೇ ನೋಡುತ್ತ ಕುಳಿತ. ಅವನ ಮುಖದಲ್ಲೂ ಮೂರು ವಾರದ ದಣಿವಿತ್ತು. “ನಿಮ್ಮೂರೇ ಕನಯ್ಯ. ನಿಂಗೇ ಅನುಕೂಲ. ಸುಮ್ನೆ ಒಪ್ಕ, ನಾ ಉಸಾರಾಗಿ ಓಡುಸ್ತೀನಿ.”

ಒಪ್ಪಿಕೊಂಡರೆ ನಾಳೆಯಿಂದ ಬಸ್ಸಿಲ್ಲ. ಚಿಕ್ಕಮಾದಪ್ಪ ಒಂದು ಕೂಳೆ ಕಿತ್ತು ಬೇರಿನ ಮಣ್ಣು ಉದುರಿಸಿದ.

“ನನ್ಗ ಅನುಕೂಲ ಅಂತ್ಲೇ ಎರಡ್ ಸಲ ಅಳ್ದು ನೋಡ್ದಿ ಸಾ. ಬ್ಯಾಡಿ.”

ಮಜ್ಜಿಗೆ ತಂದ ಪುಟ್ಟಬಸಮ್ಮನಿಗೆ ಈ ಮಾತು ಕೇಳಿ ಮುಖ ಇಳಿಯಿತು. “ಮೂವತ್ ವರ್ಸದಿಂದ ಅದ ತಂತಿ, ಯಾರ್ಗೇನ್ ಮಾಡ್ಬುಟ್ಟದ? ಊರೋನೇ ಕಲ್ಲಾಕ್ಬುಟ್ನಲ್ಲ,” ಎಂದವಳೇ ಚೆಂಬನ್ನು ಬದುವಿನ ಮೇಲಿಟ್ಟು ಹೊರಟುಹೋದಳು. ಮಜ್ಜಿಗೆಯನ್ನು ಇಬ್ಬರೂ ಕುಡಿದರು.

ಕೊನೆಗೆ ಮೈಸೂರಿನ ವಿಮಾನ ನಿಲ್ದಾಣದ ಒಂದು ಮೂಲೆಯೇ ಗತಿಯಾಯಿತು. ಶೆಡ್ಡಿಲ್ಲ, ಬಯಲಲ್ಲೇ ನಿಲ್ಲಿಸಬೇಕು. ಮೂರು ಬಸ್ಸಿನ ಬದಲು ಎರಡು. ಒಂದು ವರ್ಷ ಬರುತ್ತೇನೆ, ಅಷ್ಟರಲ್ಲಿ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದ ಚಿಕ್ಕಮಾದಪ್ಪ. ಜಡೇಸ್ವಾಮಿ ಬೇಡವೆನ್ನಲಿಲ್ಲ. ಶಿವರತ್ನಮ್ಮ ಮಾತ್ರ ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, “ತಂತಿ ಅಡ್ಡ ಆಯ್ತಿದ್ದುದ್ದು ನಿಜ್ವಾ?” ಎಂದಳು. “ನೀನೂ ದಿನಾ ನೋಡ್ತೀಯಲ್ಲ,” ಎಂದ.

ವಿಮಾನ ಮೈಸೂರಿಗೆ ಬಂದಿಳಿದ ದಿನ ಗೇಟಿನಲ್ಲಿ ಪಾಸಿಗಾಗಿ ಅವನು ಒಂದೂವರೆ ಗಂಟೆ ಕಾಯಬೇಕಾಯಿತು. ಒಳಗೆ ಹೋಗಿ ರೆಕ್ಕೆಗೊಂದೊಂದು, ಬಾಲಕ್ಕೊಂದು ಹಗ್ಗ ಬಿಗಿದ. ಚಕ್ರ ಉರುಳದಂತೆ ಮರದ ತುಂಡು ಕೊಟ್ಟ. ಎಂಜಿನ್ನಿನ ಮೇಲೆ ಟಾರ್ಪಾಲು ಹೊದಿಸಿ ಅಂಚು ಸಿಕ್ಕಿಸಿದ. ಗಾಳಿ ಬೀಸಿದಾಗ ಹಗ್ಗ ಒಮ್ಮೆ ಜಗ್ಗಿತು, ಸಡಿಲವಾಗಲಿಲ್ಲ. ಇನ್ನೊಂದು ಸುತ್ತು ಬಂದು ಮೂರೂ ಗಂಟುಗಳನ್ನು ಎಳೆದು ನೋಡಿದ.

“ಬಸ್ಸಿಗ್ಯಾಕೆ ಓಯ್ತೀಯ? ಜೀಪ್ ತರ್ಸಿವ್ನಿ, ಊರ್ಗಂಟ ಬುಡ್ತೀನಿ,” ಎಂದ ಜಡೇಸ್ವಾಮಿ.

ಜೀಪು ನರಸೀಪುರ ತಲುಪುವುದರೊಳಗೆ ಚಿಕ್ಕಮಾದಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದ. ಟೀ ಕುಡಿಯೋಣವೆಂದು ಅಂಗಡಿಯ ಮುಂದೆ ನಿಧಾನಿಸಿದ ಜಡೇಸ್ವಾಮಿ, ಪಕ್ಕಕ್ಕೆ ನೋಡಿ, ನಿಲ್ಲಿಸದೆ ಮುಂದಕ್ಕೆ ಓಡಿಸಿದ.